ಕತ್ತರಿಸಿ ಎಸೆದ ಎಡಬದಿ

ಬೈಲಹೊಂಗಲದ ಕಲ್ಮೇಶನ ಕೈಗೆ ಉದ್ದ ಲೆನ್ಸು ಬಂದರೆ ಸಾಕು, ಅವನನ್ನು ಹಿಡಿಯುವವರೇ ಇಲ್ಲ. ಮದುವೆಗೆ ಬಂದವರು ನಲವತ್ತೇ ಮಂದಿ ಇರಲಿ, ಮಂಟಪದಿಂದ ದೂರ ನಿಂತು ಆ ಮೊಳದುದ್ದದ ಬಿಳಿ ಲೆನ್ಸಿನಿಂದ ಹಿಡಿದನೆಂದರೆ ನಾನೂರು ಮಂದಿ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಅಕ್ಷತೆ ಹಾಕಿದಂತೆ ಕಾಣುತ್ತಿತ್ತು. ಹೆಣ್ಣಿನ ಕಡೆಯವರಿಗೂ ಖುಷಿ, ಗಂಡಿನ ಕಡೆಯವರಿಗೂ ಖುಷಿ. ಅಗಲ ಲೆನ್ಸಿನಲ್ಲಿ ಹಿಂದೆ ನಿಂತವನು ಹಿಂದೆಯೇ ಉಳಿಯುತ್ತಾನೆ. ಉದ್ದ ಲೆನ್ಸು ಅವನನ್ನು ಎಳೆದು ತಂದು ಮುಂದಿನವನ ಬೆನ್ನಿಗೆ ಅಂಟಿಸುತ್ತದೆ. ಇದೆಲ್ಲ ಕಲ್ಮೇಶನಿಗೆ ಚೆನ್ನಾಗಿ ಗೊತ್ತು. ಹದಿನಾಲ್ಕು ವರ್ಷ ಇದರ ಮೇಲೆಯೇ ಅನ್ನ ಉಂಡಿದ್ದಾನೆ. ಆದ್ದರಿಂದ ಮುಂದೆ ಆದದ್ದಕ್ಕೆ ಅವನು ‘ನನಗೆ ಗೊತ್ತಿರಲಿಲ್ಲ’ ಅಂತ ಹೇಳುವ ಹಾಗೇ ಇಲ್ಲ. ಹೇಳಿದರೆ ನಾನೇ ಅವನ ಕಪಾಳಕ್ಕೆ ಬಾರಿಸಿಯೇನು.

ಸವದತ್ತಿ ಕಡೆಯ ಉಗರಗೋಳದ ಹೊರಗೆ, ಜೋಳ ಕೊಯ್ದ ಹೊಲದಲ್ಲಿ ತೆರಬಂಡಿ ಪಂದ್ಯವಿತ್ತು. ಗಾಲಿ ತಿರುಗದಂತೆ ಅದರ ಅರಗಳ ನಡುವೆ ಕಬ್ಬಿಣದ ಹಾರೆ ತೂರಿಸಿ, ಬಂಡಿಯ ಮೇಲೆ ಮಣ್ಣಿನ ಚೀಲ ಹೇರಿ, ಜೋಡೆತ್ತಿನಿಂದ ಎಳೆಸುವ ಪಂದ್ಯ ಅದು. ನಿಮಿಷಕ್ಕೆ ಎಷ್ಟು ಅಡಿ ಎಳೆದವು ಎಂಬುದರ ಮೇಲೆ ಸೋಲು ಗೆಲುವು. ಇಂಥ ಪಂದ್ಯಗಳ ವಿಡಿಯೊ ಹಾಕಲೆಂದೇ ಕಲ್ಮೇಶ ಒಂದು ಚಾನೆಲ್ ಮಾಡಿದ್ದ. ರಾಮದುರ್ಗದಿಂದ ಕಿತ್ತೂರಿನವರೆಗೆ ಎತ್ತಿನ ಹುಚ್ಚು ಹಿಡಿದವರೆಲ್ಲ ಅದನ್ನೇ ನೋಡುತ್ತಿದ್ದರು. ಅಂದೂ ಅವನು ಕಣದಿಂದ ಅರವತ್ತು ಹೆಜ್ಜೆ ದೂರದಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಕ್ಯಾಮೆರಾ ಹೂಡಿದ್ದ.

ಜಗಳದ ಬೀಜ ಬೆಳಿಗ್ಗೆಯೇ ಬಿದ್ದಿತ್ತು. ಕಿತ್ತೂರು ಕಡೆಯ ದೇಗಾಂವದಿಂದ ಎತ್ತು ಹೊಡೆದುಕೊಂಡು ಬಂದಿದ್ದ ಮಾಂತೇಶ ಆರಡಿಯ ಆಳು, ಬಾಯಿ ಅದಕ್ಕಿಂತ ಉದ್ದ. ಅವನು ಉಗರಗೋಳದ ಭೀಮಶಿಯ ಬಾರಕೋಲು ಕಸಿದುಕೊಂಡು ಎಲ್ಲರ ಮುಂದೆ ಎತ್ತಿ ಹಿಡಿದಿದ್ದ.

“ನೋಡ್ರೋ! ತುದಿಗೆ ಮೊಳಿ ಬಡದಾನ! ಎತ್ತಿಗೆ ತೂತ ಹಾಕಿ ಗೆಲ್ಲಾಕ ಬಂದಾನ ಗಂಡಸು!”

“ಕೋಲ ಕೊಡಲೇ. ಇಲ್ಲಂದ್ರ ನಿನ್ನ ಹೆಣಾ ಇಲ್ಲೇ ಕೆಡವತೇನಿ,” ಅಂದಿದ್ದ ಭೀಮಶಿ.

“ನೀ ಕೆಡವೂತನಾ ನಾ ಏನ್ ಬಳಿ ತೊಟ್ಟು ನಿಂತಿರತೇನಿ?”

ಪಂದ್ಯ ನಡೆಸುತ್ತಿದ್ದ ಹಿರಿಯ ಬಸಲಿಂಗಪ್ಪ ನಡುವೆ ಬಂದು ಇಬ್ಬರನ್ನೂ ದಬ್ಬಿ ದೂರ ಮಾಡಿದ್ದ. ಆದರೆ ಇಡೀ ಹೊಲ ಆ ಮಾತು ಕೇಳಿತ್ತು.

ಮಧ್ಯಾಹ್ನ ಹನ್ನೆರಡಕ್ಕೆ ಭೀಮಶಿಯ ಜೋಡಿ ಕಣಕ್ಕಿಳಿಯಿತು. ಇಪ್ಪತ್ತು ಅಡಿ ಎಳೆದಿರಲಿಲ್ಲ, ಒಂದು ಎತ್ತು ಮೊಣಕಾಲೂರಿ ಕುಸಿಯಿತು. ದೇಗಾಂವದವರ ಗುಂಪಿನಿಂದ ಯಾರೋ ಸೀಟಿ ಹೊಡೆದರು. ಅಷ್ಟೇ ಸಾಕಾಯಿತು. ಕೋಲುಗಳು ಎದ್ದವು, ಕಲ್ಲುಗಳು ಹಾರಿದವು. ಒಬ್ಬನ ಬಾಯಿಗೆ ಕಲ್ಲು ಬಿದ್ದು ಎರಡು ಹಲ್ಲು ಅಂಗೈಗೆ ಬಂದವು. ಅವನು ಆ ಹಲ್ಲನ್ನು ಕಿಸೆಗೆ ಹಾಕಿಕೊಂಡು ಮತ್ತೆ ಹೊಡೆದಾಟಕ್ಕೆ ನುಗ್ಗಿದ. ಇನ್ನೊಬ್ಬನನ್ನು ನೆಲಕ್ಕೆ ಕೆಡವಿ ನಾಲ್ವರು ಪಕ್ಕೆಗೆ ಒದ್ದರು. ಧೂಳು ಆಳೆತ್ತರ ಎದ್ದು ಯಾರು ಯಾರನ್ನು ಹೊಡೆಯುತ್ತಿದ್ದಾರೆಂಬುದೇ ತಿಳಿಯದಂತಾಯಿತು.

ಯಾವ ಮನುಷ್ಯನಿಗಾದರೂ ಆಗ ಕೆಳಗಿಳಿದು ಓಡಬೇಕು ಅನ್ನಿಸಬೇಕು, ಇಲ್ಲವೇ ಬಿಡಿಸಬೇಕು ಅನ್ನಿಸಬೇಕು. ಈ ಪುಣ್ಯಾತ್ಮನಿಗೆ ಫ್ರೇಮು ಕಂಡಿತು! ಧೂಳಿನ ನಡುವೆ ಭೀಮಶಿ ಕ್ಯಾಮೆರಾಕ್ಕೆ ಬೆನ್ನು ಮಾಡಿ, ಬಿದ್ದ ಎತ್ತಿನ ಕೊರಳಿನ ಹಗ್ಗ ಬಿಚ್ಚಲು ಬಾಗಿದ್ದ. ಅವನ ಆಚೆ, ಈ ಕಡೆಗೆ ಮುಖ ಮಾಡಿ, ಮಾಂತೇಶ ಎರಡೂ ಕೈಯಿಂದ ಕೋಲು ಎತ್ತಿದ್ದ. ಬಿಸಿಲು ಉರಿಯುತ್ತಿದ್ದುದರಿಂದ ಕಲ್ಮೇಶ ಲೆನ್ಸಿನ ಬಾಯಿ ಕಿರಿದು ಮಾಡಿದ್ದ, ಹೀಗಾಗಿ ಹಿಂದಿನವನೂ ಮುಂದಿನವನೂ ಇಬ್ಬರೂ ನಿಚ್ಚಳ. ಕೋಲು ಭೀಮಶಿಯ ತಲೆಯಿಂದ ಸ್ವಲ್ಪ ಬಲಕ್ಕೆ ಕಾಣುತ್ತಿತ್ತು. ಕಲ್ಮೇಶ ಟ್ರೇಲರಿನ ಮೇಲೆ ಎರಡು ಹೆಜ್ಜೆ ಎಡಕ್ಕೆ ಸರಿದು, ತಲೆಯ ಮೇಲೆಯೇ ಕೋಲು ಬರುವಂತೆ ಹೊಂದಿಸಿಕೊಂಡ. ಹೊಂದಿಸಿಕೊಂಡ, ಕೇಳಿದಿರಾ? ಯಾರದೋ ಸಾವನ್ನು ಮದುವೆಯ ಜೋಡಿಯಂತೆ ಹೊಂದಿಸಿಕೊಂಡ. ಕೋಲು ಇಳಿಯಿತು, ಭೀಮಶಿಯ ತಲೆ ಪಕ್ಕಕ್ಕೆ ಚಿಮ್ಮಿತು, ರಕ್ತ ಎತ್ತಿನ ಬಿಳಿ ಬೆನ್ನಿನ ಮೇಲೆ ಸಿಡಿಯಿತು.

ಮನೆಗೆ ಬಂದವನೇ ಹೆಂಡತಿ ಪ್ರಣಿತಾಳನ್ನು ಕೂರಿಸಿದ. ಸ್ಟುಡಿಯೊದಲ್ಲಿ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸ ಅವಳದು.

“ಮೊಬೈಲಿಗೆ ತಕ್ಕಂಗ ಉದ್ದಕ ಮಾಡು. ಭೀಮಶಿ ತಲಿ ಎಡಗಡೆ ಅಂಚಿಗೆ ಇರಲಿ, ಕೋಲ ಬಲಗಡಿ ಮ್ಯಾಲಿಂದ ಬರಲಿ. ಮೊಣಕಾಲಿನ ಕೆಳಗಿಂದ ಏನೂ ಬ್ಯಾಡ, ತಗದ ಒಗಿ.”

“ಎರಡೂ ಬದಿ ಇಷ್ಟ ಕತ್ತರಿಸಿದ್ರ ಏನ್ ಉಳೀತೈತ್ರಿ? ಮಂದಿಗೆ ಏನ್ ನಡದೈತಿ ಅಂತನ ತಿಳಿಯೂದಿಲ್ಲ.”

“ಏನ್ ತಿಳೀಬೇಕೋ ಅದು ತಿಳೀತೈತಿ. ಸಾವಕಾಶ ಓಡೂವಂಗ ಮಾಡು, ಹಿಂದ ಡೊಳ್ಳಿನ ಸಪ್ಪಳಾ ಹಚ್ಚು.”

‘ಬಾರಕೋಲಿನಿಂದ ತಲೆ ಒಡೆದ ಕ್ಷಣ’ ಎಂಬ ಹೆಸರಿಟ್ಟು ಅವನೇ ಹಾಕಿದ. ಸಂಜೆಗೆ ಅರವತ್ತು ಸಾವಿರ ಮಂದಿ ನೋಡಿದರು, ಮರುದಿನಕ್ಕೆ ಎರಡು ಲಕ್ಷ. ಕಲ್ಮೇಶ ಚಹದಂಗಡಿಯಲ್ಲಿ ಎದೆಯುಬ್ಬಿಸಿ ನಿಂತ. ಸುಳ್ಳು ಹೇಳಬಾರದು, ಅವನೂ ಅದನ್ನು ನಂಬಿದ್ದ. ತನ್ನ ಕಣ್ಣಿನಿಂದಲೇ ನೋಡಿದೆ ಅಂದುಕೊಂಡಿದ್ದ. ಆ ಕಣ್ಣಿನ ಮುಂದೆ ಲೆನ್ಸಿತ್ತು ಎಂಬುದನ್ನು ಮರೆತಿದ್ದ.

ಮೂರನೆಯ ದಿನ ಭೀಮಶಿ ಧಾರವಾಡದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ. ಅಂದೇ ದೇಗಾಂವದಲ್ಲಿ ಮಾಂತೇಶನ ಬಣವೆಗಳಿಗೆ ಬೆಂಕಿ ಬಿತ್ತು. ಅವನ ತಂದೆ ಶಟ್ಟೆಪ್ಪನನ್ನು ಬಾಗಿಲಿನಿಂದ ಹೊರಗೆಳೆದು, ಮಗ ಎಲ್ಲಿ ಹೇಳು ಅಂತ ಮುಖ ಊದುವಂತೆ ಹೊಡೆದರು. ನಾಲ್ಕು ಲಕ್ಷ ಮಂದಿ ನೋಡಿದ ಮೇಲೆ ಮಾಂತೇಶ ಎಲ್ಲಿ ಅಡಗಬೇಕು? ಬಸ್ಸು ಹತ್ತಿದರೆ ಗುರುತು, ಖಾನಾವಳಿಗೆ ಹೋದರೆ ಗುರುತು. ಪೊಲೀಸರು ಹುಡುಕುತ್ತಿದ್ದರು, ಭೀಮಶಿಯ ತಮ್ಮ ಮಹಾದೇವನ ಮಂದಿಗೆ ಅವನು ಮೊದಲು ಸಿಕ್ಕ.

ಐದನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಲ್ಮೇಶನಿಗೆ ಫೋನು ಬಂತು.

“ಕಲ್ಮೇಶಣ್ಣಾ, ನಾ ಮಹಾದೇವ. ಮದವಿಗೆ ಒಯ್ತಿಯಲ್ಲ, ಆ ದೊಡ್ಡ ಟೀವಿ ತಗೊಂಡು ಉಗರಗೋಳಕ್ಕ ಬಾ. ಮಗಾ ಸಿಕ್ಕಾನ. ಅದ ಹೊಲದಾಗ, ಎಲ್ಲಾರ ಮುಂದ ನಿನ್ನ ವಿಡಿಯೊ ತೋರಸೂಣು. ಅವನ ಬಾಯಿಲೆ ಕಬೂಲ ಮಾಡಿಸಿ ಅಲ್ಲೇ ಮುಗಸ್ತೇವಿ.”

“ಮುಗಸೂದಂದ್ರ?”

“ಮುಗಸೂದಂದ್ರ ಮುಗಸೂದು.”

ಕಲ್ಮೇಶ ಕೂಡಲೇ ಠಾಣೆಗೆ ಫೋನು ಮಾಡಿ ಹೇಳಿದ. ಬರುತ್ತೇವೆ ಅಂದರು, ಹೊತ್ತು ಹಿಡಿಯುತ್ತದೆ ಅಂದರು. ಅಷ್ಟರಲ್ಲಿ ಒಳಗಿನಿಂದ ಪ್ರಣಿತಾ ಕರೆದಳು. ಫೋನಿನ ಮಾತು ಕೇಳಿಸಿಕೊಂಡು ಅವಳು ಕತ್ತರಿಸದ ಅಸಲು ವಿಡಿಯೊ ತೆರೆದು ಕೂತಿದ್ದಳು.

“ರೀ, ಭೀಮಶಿಗೆ ಪೆಟ್ಟು ಎಲ್ಲಿ ಬಿದ್ದಿತ್ತಂದ್ರಿ?”

“ಎಡಗಿವಿ ಮ್ಯಾಲ.”

“ಕೋಲ ಬರೂದು ಬಲಗಡಿಂದ ಐತಲ್ರಿ.”

ಅವಳು ಕೆಳಗೆ ಬೆರಳಿಟ್ಟಳು. ಭೀಮಶಿ ಕಣದ ಒಳಗಿದ್ದ. ಅವನ ಆಚೆ ಕಣದ ಅಂಚಿನ ಸುಣ್ಣದ ಗೆರೆ, ಗೆರೆಯಾಚೆ ಜನ ನುಗ್ಗದಂತೆ ಕಟ್ಟಿದ ಹಗ್ಗ, ಹಗ್ಗದಾಚೆ ಮಾಂತೇಶನ ಪಾದ. ನಡುವೆ ಹದಿನೈದು ಹೆಜ್ಜೆಗೆ ಕಡಿಮೆಯಿಲ್ಲ. ಬಲ ಅಂಚಿನಲ್ಲಿ ಎತ್ತಿನ ಕೊಂಬೊಂದು ಕಾಣುತ್ತಿತ್ತು. ಬೆದರಿ ಹಗ್ಗ ಕಿತ್ತುಕೊಂಡ ತನ್ನ ಎತ್ತನ್ನು ತಿರುಗಿಸಲು ಮಾಂತೇಶ ಕೋಲು ಎತ್ತಿದ್ದ. ಆಮೇಲೆ ಪ್ರಣಿತಾ ಎಡ ಅಂಚು ತೋರಿಸಿದಳು.

ಅಲ್ಲಿ ಮಹಾದೇವನಿದ್ದ. ಬಿದ್ದ ಎತ್ತಿನ ಕೊರಳು ಸಡಿಲಾಗಲೆಂದು ಗಾಲಿಯ ಹಾರೆಯನ್ನು ಜಗ್ಗಿ ತೆಗೆಯುತ್ತಿದ್ದ, ಬೆನ್ನು ಅಣ್ಣನ ಕಡೆಗೆ. ಹಾರೆ ಅರ್ಧ ಹೊರಬಂದಿತ್ತು. ಅಷ್ಟರಲ್ಲಿ ಎತ್ತು ದಡಕ್ಕನೆ ಎದ್ದು ಮುಂದೆ ಜಗ್ಗಿತು, ಗಾಲಿ ತಿರುಗಿತು, ಹಾರೆ ಅವನ ಕೈಯಿಂದ ಕಿತ್ತುಕೊಂಡು ಮುಂದಕ್ಕೆ ಚಿಮ್ಮಿ ಭೀಮಶಿಯ ಎಡಗಿವಿಯ ಮೇಲೆ ಬಡಿಯಿತು. ಮಹಾದೇವ ಆ ರಭಸಕ್ಕೆ ಹಿಂದೆ ಉರುಳಿ ಬಿದ್ದಿದ್ದ. ಎದ್ದು ನೋಡುವ ಹೊತ್ತಿಗೆ ಅಣ್ಣ ನೆಲದ ಮೇಲಿದ್ದ.

ಕಲ್ಮೇಶ ತಲೆ ಹಿಡಿದು ಕೂತ. ಕೊಂದವರೇ ಇಲ್ಲ. ಇಲ್ಲದ ಕೊಲೆಗಾರನನ್ನು ತಾನೇ ಹುಟ್ಟಿಸಿ ನಾಲ್ಕು ಲಕ್ಷ ಮಂದಿಗೆ ತೋರಿಸಿದ್ದ!

“ಇದನ್ನ ಹೆಂಗ ತೋರಿಸಬೇಕು? ಆ ತಾಯಿ ಮುಂದ, ಒಬ್ಬ ಮಗ ಇನ್ನೊಬ್ಬಗ… ಬ್ಯಾಡ. ಮಾಂತೇಶನ ಕಾಲು, ಗೆರಿ, ಹಗ್ಗ ಇಷ್ಟ ಕಾಣಲಿ. ಎಡಗಡೆ ಮತ್ತ ಕತ್ತರಿಸು.”

“ಮತ್ತ ಕತ್ತರಿಸೂದಾ?” ಅಂದಳು ಪ್ರಣಿತಾ. ಆದರೂ ಕತ್ತರಿಸಿದಳು. ಟೀವಿ, ಜನರೇಟರು, ಲ್ಯಾಪ್‌ಟಾಪು, ಕ್ಯಾಮೆರಾ ಎಲ್ಲ ವ್ಯಾನಿಗೆ ಹೇರಿ ತಾನೂ ಹತ್ತಿ ಕೂತಳು. ಒಬ್ಬನನ್ನೇ ಕಳಿಸಲು ಅವಳಿಗೆ ಧೈರ್ಯವಿರಲಿಲ್ಲ.

ಹೊಲದಲ್ಲಿ ಇನ್ನೂರು ಮಂದಿ ಸೇರಿದ್ದರು. ಅದೇ ಬಂಡಿಯ ಗಾಲಿಗೆ ಮಾಂತೇಶನನ್ನು ಕಟ್ಟಿದ್ದರು. ಬಲಗೈ ಮೊಣಕೈ ಕೆಳಗೆ ತಿರುಚಿಕೊಂಡು ಜೋತುಬಿದ್ದಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು, ತುಟಿ ಹರಿದು ಗದ್ದದ ಮೇಲೆ ರಕ್ತ ಒಣಗಿತ್ತು. ಮಹಾದೇವ ಅವನ ಮುಂದೆ ಕುಡಗೋಲು ಹಿಡಿದು ಕುಕ್ಕರಗಾಲಿನಲ್ಲಿ ಕೂತಿದ್ದ. ಬೇವಿನ ಮರದ ಕೆಳಗೆ ಅವರ ತಾಯಿ ಗುರುಬಸವ್ವ. ಅವಳ ಕಣ್ಣಲ್ಲಿ ನೀರೂ ಉಳಿದಿರಲಿಲ್ಲ.

ಮರದ ನೆರಳಿನಲ್ಲಿ ಮೇಜಿನ ಮೇಲೆ ಟೀವಿಯಿಟ್ಟು, ಬಿಸಿಲು ಬೀಳದಂತೆ ಮೇಲೆ ತಾಡಪತ್ರಿ ಕಟ್ಟಿದರು. ಕಲ್ಮೇಶ ಹೊಸದಾಗಿ ಕತ್ತರಿಸಿದ ತುಣುಕು ಓಡಿಸಿ ಹೇಳಿದ:

“ನನ್ನ ವಿಡಿಯೊ ಖೊಟ್ಟಿ ಐತ್ರಿ. ಮಾಂತೇಶ ಹೊಡದಿಲ್ಲ. ಅವ ಹದಿನೈದು ಹೆಜ್ಜಿ ಆಚೆ ಇದ್ದ. ನನ್ನ ಲೆನ್ಸು ಅವನ್ನ ಹತ್ರ ತಂದೈತಿ. ನೋಡ್ರಿ ಇಲ್ಲಿ, ಗೆರಿ, ಹಗ್ಗ, ಅವನ ಕಾಲು.”

ಮಹಾದೇವ ಎದ್ದು ಬಂದು ಅವನ ಕುತ್ತಿಗೆಪಟ್ಟಿ ಹಿಡಿದ.

“ಎಷ್ಟ ತಿಂದಿ? ದೇಗಾಂವದವರು ಎಷ್ಟ ತಿನಿಸಿದರು? ಕಂಪ್ಯೂಟರಿನ್ಯಾಗ ಗೆರಿ ಎಳಕೊಂಡ ಬಂದ ನಮಗ ತೋರಸ್ತಿ, ಭಾಡ್ಯಾ?”

ಹಿಂದಿನಿಂದ ಯಾರೋ ಕಲ್ಮೇಶನ ಬೆನ್ನಿಗೆ ಗುದ್ದಿದರು, ಇನ್ನೊಬ್ಬ ಕಾಲಿಗೆ ಒದ್ದ. ಅವನು ಮುಗ್ಗರಿಸಿ ಮಣ್ಣಿಗೆ ಬಿದ್ದ. ಮಹಾದೇವ ಕುಡಗೋಲು ಎತ್ತಿಕೊಂಡು ಬಂಡಿಯತ್ತ ತಿರುಗಿದ. ಕಟ್ಟಿಹಾಕಿದ ಮಾಂತೇಶ ಕಿರುಚಲೂ ತ್ರಾಣವಿಲ್ಲದೆ ಕಣ್ಣು ಮುಚ್ಚಿಕೊಂಡ.

“ಹಂಗಾದ್ರ ನನ್ನ ತಲಿ ತಗೋ!” ಎಂದು ಮಣ್ಣಿನಿಂದಲೇ ಒದರಿದ ಕಲ್ಮೇಶ. “ಭೀಮಶಿ ನಿಂತಲ್ಲಿ ನಾ ನಿಂದರ್ತೇನಿ. ಮಾಂತೇಶ ನಿಂತಲ್ಲಿ ನೀ ನಿಂದರು. ಎಷ್ಟ ಸಿಟ್ಟ ಐತೋ ಅಷ್ಟೂ ಹಾಕಿ ಕೋಲ ಬೀಸು. ನನ್ನ ಹೆಂಡ್ತಿ ಅದ ಲೆನ್ಸಿಲೆ ಹಿಡೀತಾಳ. ಟೀವಿಯಾಗ ನನ್ನ ತಲಿ ಒಡದಂಗ ಕಾಣಲಿಲ್ಲಂದ್ರ ಅದ ಕೋಲಿಲೆ ಖರೇನ ಒಡಿ. ನಾ ಹೂಂ ಅಂತೇನಿ.”

ಬಸಲಿಂಗಪ್ಪ ಮಹಾದೇವನಿಗೆ ಅಡ್ಡ ಬಂದ. “ಮಾದ್ಯಾ, ಕೇಳೋ. ಅವ ಓಡಿ ಹೋಗೂದಿಲ್ಲ, ಇವನೂ ಓಡಿ ಹೋಗೂದಿಲ್ಲ. ಒಂದ ಸಲ ನೋಡೂಣು.”

ಅಂದಿನ ಜಾಗದಲ್ಲೇ ತಂದು ನಿಲ್ಲಿಸಿದ ಟ್ರೇಲರನ್ನು ಪ್ರಣಿತಾ ಹತ್ತಿದಳು. ಅದೇ ಅರವತ್ತು ಹೆಜ್ಜೆ, ಅದೇ ಲೆನ್ಸು, ಅದೇ ಉರಿಬಿಸಿಲು. ಕಲ್ಮೇಶ ಅವಳಿಗೆ ಬೆನ್ನು ಮಾಡಿ ಬಾಗಿದ. ಹದಿನೈದು ಹೆಜ್ಜೆ ಆಚೆ, ಹಗ್ಗದ ಗೂಟಗಳು ಇನ್ನೂ ಇದ್ದ ಜಾಗದಲ್ಲಿ, ಮಹಾದೇವ ಕೋಲು ಹಿಡಿದು ನಿಂತ. ಅವನು ಅಲ್ಲೇ ನಿಲ್ಲುತ್ತಾನೆಂದು ಯಾರು ಜಾಮೀನು ಕೊಡಬೇಕು? ಹದಿನೈದು ಹೆಜ್ಜೆ ಓಡಿ ಬರಲು ಎಷ್ಟು ಹೊತ್ತು? ಕಲ್ಮೇಶನಿಗೆ ನೆಲ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆ ನೆಲದ ಮೇಲೆ ಭೀಮಶಿಯ ರಕ್ತ ಕುಡಿದು ಕಪ್ಪಾದ ಮಣ್ಣಿತ್ತು.

“ಎಡಕ್ಕ ಸರಕೋ!” ಎಂದು ಹೆಂಡತಿಗೆ ಕೂಗಿದ. “ಕೋಲ ನನ್ನ ತಲಿ ಮ್ಯಾಲ ಬರೂತನಾ ಸರಕೋ!”

“ಬಂತ್ರಿ!” ಅಂದಳು ಅವಳು, ಅಳುತ್ತಲೇ.

ಕೋಲು ಗಾಳಿ ಸೀಳಿದ್ದು ಕೇಳಿಸಿತು. ಒಂದು ಸಲ, ಎರಡು ಸಲ, ಮೂರು ಸಲ. ಮಹಾದೇವ ಅಣ್ಣನ ಹೆಸರು ಕೂಗುತ್ತ ನೆಲಕ್ಕೆ ಬಡಿಯುತ್ತಿದ್ದ.

ಟೀವಿಯಲ್ಲಿ ಹಾಕಿದರು. ಕಲ್ಮೇಶ ಗುರುಬಸವ್ವನ ಪಕ್ಕದಲ್ಲೇ ನಿಂತಿದ್ದ, ಉಸಿರಾಡುತ್ತಿದ್ದ. ಪರದೆಯ ಮೇಲೆ ಮಹಾದೇವ ಅವನ ಎದುರಿಗೇ ಅಂಟಿ ನಿಂತಂತೆ ಕಂಡ. ಹಲ್ಲು ಕಚ್ಚಿ ಕೋಲು ಎತ್ತಿದ. ಕೋಲು ನೇರ ಕಲ್ಮೇಶನ ನೆತ್ತಿಯ ಮೇಲೆ ಇಳಿಯಿತು.

“ಬ್ಯಾಡೋ ಮಾದ್ಯಾ!” ಎಂದು ಚೀರಿದಳು ಗುರುಬಸವ್ವ. ಚೀರಿ, ಪಕ್ಕಕ್ಕೆ ತಿರುಗಿ, ಕಲ್ಮೇಶನ ತಲೆ ಮುಟ್ಟಿ ನೋಡಿದಳು. ಅಲ್ಲೊಂದು ಗೀರೂ ಇರಲಿಲ್ಲ.

ಮಹಾದೇವ ಪರದೆಯ ಮೇಲಿನ ತನ್ನನ್ನೇ ನೋಡುತ್ತಿದ್ದ. ಕೊನೆಗೆ ಕೇಳಿದ:

“ಹಂಗಾದ್ರ ಯಾರು? ನಮ್ಮಣ್ಣನ ಹೊಡದವರು ಯಾರು?”

“ಅದನ್ನ ಪೊಲೀಸರು ನೋಡ್ತಾರ. ಮೊದಲ ಮಾಂತೇಶನ ಬಿಚ್ಚು,” ಅಂದ ಕಲ್ಮೇಶ.

“ನೀ ನೋಡೀ. ನಿನ್ನ ಮಾರಿ ಮ್ಯಾಲ ಕಾಣಾಕತ್ತೈತಿ. ಯಾರು? ದೇಗಾಂವದವರ ಪೈಕಿ ಇನ್ನೊಬ್ಬನಾ? ಇವನ ಕಾಕಾನ ಮಗಾ ಸುನೀಲ ಇದ್ದನಲ್ಲ, ಅವನಾ?”

ಗುಂಪಿನಲ್ಲಿ ಆ ಹೆಸರು ಹಿಡಿದವರು ಇದ್ದೇ ಇದ್ದರು. “ಅವನ ಇರಬೇಕು, ಕಲ್ಲ ಹಿಡದಿದ್ದ,” ಅಂದರು ಒಬ್ಬರು. “ನಡೀರಿ, ಹೊಳ್ಳಿ ದೇಗಾಂವಕ್ಕ!” ಅಂದರು ಇನ್ನೊಬ್ಬರು. ಮೋಟರ್ ಸೈಕಲ್ಲಿನ ಕಿಕ್ ಹೊಡೆದ ಸದ್ದೂ ಆಯಿತು. ಒಬ್ಬನನ್ನು ಉಳಿಸುವಷ್ಟರಲ್ಲಿ ಇನ್ನೊಬ್ಬನನ್ನು ಕೊಲ್ಲಲು ಹೊರಟರಲ್ಲ! ಕಲ್ಮೇಶನಿಗೆ ಅಳು ಬಂತು, ತನ್ನ ಮೇಲೇ ಅಸಹ್ಯವಾಯಿತು. ಅವನು ಪ್ರಣಿತಾಳ ಮುಖ ನೋಡಿದ. ಅವಳು ಆಗಲೇ ಅಸಲು ವಿಡಿಯೊ ತೆರೆದಿದ್ದಳು.

“ಮಹಾದೇವಾ,” ಅಂದ, “ಎಡಗಡೆ ನೋಡು.”

ಪೂರಾ ವಿಡಿಯೊ ಓಡಿತು. ಗಾಲಿ, ಹಾರೆ, ಬೆನ್ನು ಮಾಡಿ ಜಗ್ಗುವವನು, ಎದ್ದ ಎತ್ತು. ಹಾರೆ ಚಿಮ್ಮಿ ಬಡಿದಾಗ ಟೀವಿಯಿಂದ ಬಂದ ಸದ್ದಿಗೆ ಮುಂದೆ ಕೂತವರು ಮುಖ ತಿರುಗಿಸಿದರು. ಮಹಾದೇವ ಮೊದಲು ತನ್ನ ಅಂಗೈ ನೋಡಿಕೊಂಡ. ಹಾರೆ ಕಿತ್ತುಕೊಂಡು ಹೋದಾಗ ಸುಲಿದ ಗಾಯ ಅಲ್ಲಿ ಇನ್ನೂ ಹಸಿಯಾಗಿತ್ತು. ಇಷ್ಟು ದಿನ ಅದು ಹೊಡೆದಾಟದ ಗಾಯ ಅಂದುಕೊಂಡಿದ್ದ.

ಆಮೇಲೆ ಅವನು ಕೋಲೆತ್ತಿದ. ಈ ಸಲ ನಡುವೆ ಹದಿನೈದು ಹೆಜ್ಜೆ ಇರಲಿಲ್ಲ. ಮೊದಲ ಪೆಟ್ಟು ಕಲ್ಮೇಶನ ಭುಜಕ್ಕೆ ಬಿತ್ತು, ಎಲುಬು ಲಟಕ್ಕೆಂದಿತು. ಎರಡನೆಯದು ಟೀವಿಗೆ. ಮೂರನೆಯದು ಮೇಜಿನ ಮೇಲಿದ್ದ ಆ ಬಿಳಿ ಲೆನ್ಸಿಗೆ. ಗಾಜು ಜೋಳದ ಕೂಳೆಯ ನಡುವೆ ಚೆಲ್ಲಾಪಿಲ್ಲಿಯಾಯಿತು. ನಾಲ್ಕನೆಯದಕ್ಕೆ ತನ್ನದೇ ಅಂಗೈಯನ್ನು ಬಂಡಿಯ ಅಂಚಿನ ಮೇಲಿಟ್ಟು ಬಡಿದುಕೊಂಡ. ಮತ್ತೆ ಬಡಿದುಕೊಂಡ. ಬಸಲಿಂಗಪ್ಪನೂ ಇನ್ನಿಬ್ಬರೂ ಮೇಲೆ ಬಿದ್ದು ಹಿಡಿಯುವ ಹೊತ್ತಿಗೆ ಬೆರಳುಗಳು ಜಜ್ಜಿಹೋಗಿದ್ದವು.

ಗುರುಬಸವ್ವ ಎದ್ದಳು. ನೆಲದ ಮೇಲೆ ಬಿದ್ದಿದ್ದ ಕುಡಗೋಲು ಎತ್ತಿಕೊಂಡು ಬಂಡಿಯ ಹತ್ತಿರ ಹೋದಳು. ಮಾಂತೇಶ ಬೆದರಿ ಕಾಲು ಮಡಚಿಕೊಂಡ. ಅವಳು ಬಗ್ಗಿ ಅವನ ಹಗ್ಗ ಕೊಯ್ದಳು. ಅವನು ಮುರಿದ ಕೈ ಮೇಲೆಯೇ ಬಿದ್ದು ಹೋರಿಯಂತೆ ಕೂಗಿದ. ಅವಳು ಅವನ ತಲೆಯ ಕೆಳಗೆ ತನ್ನ ಸೆರಗಿನ ಚುಂಗು ಇಟ್ಟಳು.

“ಕಲ್ಮೇಶಣ್ಣಾ,” ಅಂದ ಮಹಾದೇವ ನೆಲದಿಂದಲೇ. ಅವನ ದನಿ ಗುರುತೇ ಸಿಗುತ್ತಿರಲಿಲ್ಲ. “ಇದನ್ನೂ ಹಾಕ್ತೀ ಏನು, ಮೊಬೈಲಿನ್ಯಾಗ?”

ಕಲ್ಮೇಶ ಭುಜ ಹಿಡಿದುಕೊಂಡು ನಿಂತಿದ್ದ. ಹಾಕದಿದ್ದರೆ ಮಾಂತೇಶನನ್ನು ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಕೊಂದೇ ಕೊಲ್ಲುತ್ತಾರೆ. ಹಾಕಿದರೆ ಅಣ್ಣನನ್ನು ಕೊಂದವನೆಂದು ಮಹಾದೇವನ ಮುಖ ಊರೂರು ತಿರುಗುತ್ತದೆ.

ಉತ್ತರ ಕೊಟ್ಟವಳು ಗುರುಬಸವ್ವ.

“ಹಾಕು,” ಅಂದಳು. “ಅದನ್ನ ನಾಕ ಲಕ್ಷ ಮಂದಿ ನೋಡ್ಯಾರಂತ, ಇದನ್ನೂ ನೋಡ್ಲಿ. ಪೊಲೀಸರಿಗೂ ಇದನ್ನ ಕೊಡು. ಪೂರಾ ಹಾಕು ತಮ್ಮಾ. ಈ ಸಲ ಯಾವ ಬದೀನೂ ಕತ್ತರಿಸಬ್ಯಾಡ.”

ದೂರದ ರಸ್ತೆಯ ಮೇಲೆ ಪೊಲೀಸ್ ಜೀಪಿನ ಧೂಳು ಕಾಣಿಸಿತು. ಪ್ರಣಿತಾ ಲ್ಯಾಪ್‌ಟಾಪನ್ನು ಮೊಣಕಾಲ ಮೇಲೆ ಇಟ್ಟುಕೊಂಡಳು. ವಿಡಿಯೊ ಮೇಲೇರಲು ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮುದುಕಿ ಅವಳ ಪಕ್ಕದಲ್ಲೇ ಕೂತಿದ್ದಳು, ಮಗನ ಜಜ್ಜಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು.